ಸ್ವಿಚ್ ಪ್ಲೇಟಿಗೊಂದು ಅಂಚು: ಕೈಯಚ್ಚಿನ ಕಾಗದದಿಂದ ಅಲಂಕರಿಸುವ ಬಗೆ

ಮನೆಗೆ ಹೊಸದಾಗಿ ಬಣ್ಣ ಬಳಿಸಿದ ಮೇಲೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಚುಚ್ಚುವುದು ಸ್ವಿಚ್ ಬೋರ್ಡು. ಗೋಡೆ ಥಳಥಳಿಸುತ್ತಿರುತ್ತದೆ, ಆದರೆ ಬೋರ್ಡಿನ ಮೇಲೆ ಮಾತ್ರ ಪೇಂಟಿನ ಚುಕ್ಕೆಗಳು, ಕಿತ್ತ ಟೇಪಿನ ಅಂಟು, ಕಳೆದ ವರ್ಷದ ಆಯುಧಪೂಜೆಗೆ ಹಚ್ಚಿದ ಕುಂಕುಮದ ಕಲೆ ಎಲ್ಲವೂ ಹಾಗೆಯೇ ಉಳಿದಿರುತ್ತವೆ. ಹೊಸ ಪ್ಲೇಟು ಕೊಂಡು ಹಾಕಿದರೆ ಕೆಲಸ ಮುಗಿಯಿತು, ನಿಜ. ಅದೇ ಪ್ಲೇಟಿಗೆ ನಾವೇ ಅಚ್ಚೊತ್ತಿದ ಕಾಗದವನ್ನು ಅಂಟಿಸಿ ಅಂದಗೊಳಿಸಬೇಕೆಂಬ ಆಸೆಯುಳ್ಳವರಿಗಾಗಿ, ಮೂರು ಕೋಣೆಗಳ ಪ್ಲೇಟುಗಳ ಮೇಲೆ ಕೈಪಳಗಿಸಿಕೊಂಡ ಅನುಭವದಿಂದ ಈ ವಿಧಾನವನ್ನು ಬರೆಯುತ್ತಿದ್ದೇನೆ.

ಕೆಲಸಕ್ಕೆ ಕೈ ಹಾಕುವ ಮೊದಲು ಪ್ಲೇಟನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಸೀರೆಗೆ ಒಡಲು, ಸೆರಗು, ಅಂಚು ಎಂಬ ಭಾಗಗಳಿರುವಂತೆ ಸ್ವಿಚ್ ಪ್ಲೇಟಿಗೂ ಇವೆಯೆಂದು ಊಹಿಸಿಕೊಂಡರೆ, ಅದರ ಒಡಲನ್ನೆಲ್ಲ ಸ್ವಿಚ್ಚುಗಳೇ ಆಕ್ರಮಿಸಿಕೊಂಡಿರುವುದರಿಂದ ನಮ್ಮ ಪಾಲಿಗೆ ಉಳಿಯುವುದು ಬರೀ ಅಂಚು. ನಮ್ಮ ಮನೆಯ ಎಂಟು ಮಾಡ್ಯೂಲಿನ, ಅಂದರೆ ಎಂಟು ಸ್ವಿಚ್ಚುಗಳಷ್ಟು ಜಾಗವಿರುವ, ಪ್ಲೇಟು ಸುಮಾರು 22 ಸೆಂ.ಮೀ. ಉದ್ದ, 9 ಸೆಂ.ಮೀ. ಎತ್ತರ ಇದೆ. ಅದರ ನಡುವಿನ ಕಿಂಡಿ ಸುಮಾರು 4.5 ಸೆಂ.ಮೀ. ಎತ್ತರವಿರುವುದರಿಂದ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ತಲಾ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು ಜಾಗ ಸಿಗುತ್ತದೆ. ದೊಡ್ಡ ಕಮಲವನ್ನೋ ನವಿಲನ್ನೋ ಬಿಡಿಸಿದ ಕಾಗದವನ್ನು ಇಲ್ಲಿ ಅಂಟಿಸಿದರೆ ಹಕ್ಕಿಯ ಕೊಕ್ಕು ಒಂದು ಕಡೆ, ಬಾಲ ಇನ್ನೊಂದು ಕಡೆ ಉಳಿದು ನಡುವಿನ ಮೈಯೆಲ್ಲ ಕತ್ತರಿಗೆ ಬಲಿಯಾಗುತ್ತದೆ. ಆದ್ದರಿಂದ ಅಚ್ಚನ್ನು ಆರಿಸುವಾಗಲೂ ಒತ್ತುವಾಗಲೂ ಸೀರೆಯ ಅಂಚು ನೇಯುವವರ ಕಣ್ಣಿರಬೇಕು: ಚಿಕ್ಕ ಆಕೃತಿ, ಸಮನಾದ ಪುನರಾವೃತ್ತಿ, ಅಚ್ಚುಕಟ್ಟಾದ ಮೂಲೆ.

ಎಲ್ಲ ಬೋರ್ಡುಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಕಾಗದವು ಉರಿಯುವ ವಸ್ತು, ನಮ್ಮ ಮನೆಗಳಲ್ಲಿ ಹರಿಯುವುದು 230 ವೋಲ್ಟಿನ ಕರೆಂಟು ಎಂಬ ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಜಾಗವನ್ನು ಆರಿಸಬೇಕು. ಗೀಜರು, ಎಸಿ, ಇಸ್ತ್ರಿಪೆಟ್ಟಿಗೆಗಳಿಗಾಗಿ ಇರುವ 16 ಆಂಪಿಯರಿನ ದಪ್ಪ ಸಾಕೆಟ್ಟಿನ ಬೋರ್ಡು, ಬಚ್ಚಲುಮನೆ ಮತ್ತು ಹೊರಗೋಡೆಯ ಬೋರ್ಡು, ಒಲೆಯ ಪಕ್ಕದ ಬೋರ್ಡು, ಬಿಸಿಯಾಗುವ ಹಳೆಯ ಫ್ಯಾನ್ ರೆಗ್ಯುಲೇಟರ್ ಇರುವ ಬೋರ್ಡು, ಇವಿಷ್ಟನ್ನೂ ಬಿಟ್ಟುಬಿಡಬೇಕು. ಪ್ಲೇಟಿನ ಒಂದು ಭಾಗ ಹಳದಿಗಟ್ಟಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಸ್ವಿಚ್ಚು ಹಾಕಿದಾಗ ಚಿರ್ ಎಂದು ಸದ್ದು ಬರುತ್ತಿದ್ದರೆ, ಅದು ಕಾಗದದಿಂದ ಮುಚ್ಚಬೇಕಾದ ಕಲೆಯಲ್ಲ. ಒಳಗೆ ತಂತಿ ಸಡಿಲವಾಗಿ ಕಾಯುತ್ತಿರುವ ಸಾಧ್ಯತೆ ಇರುವುದರಿಂದ ಮೊದಲು ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು. ಹಳೆಯ ಮನೆಗಳಲ್ಲಿ ಮರದ ಪೆಟ್ಟಿಗೆಯ ಮೇಲೆ ಹೈಲಂ ಶೀಟು ಕೂರಿಸಿ, ಅದಕ್ಕೆ ಟಕ್ಕೆನ್ನುವ ಸ್ವಿಚ್ಚುಗಳನ್ನು ಜೋಡಿಸಿದ ಬೋರ್ಡುಗಳಿರುತ್ತವೆ. ಆ ಶೀಟಿನ ನಾಲ್ಕು ಸ್ಕ್ರೂ ಬಿಚ್ಚಿದರೆ ತಂತಿಗಳೆಲ್ಲ ಅದರ ಬೆನ್ನಿಗೇ ಅಂಟಿಕೊಂಡು ಹೊರಬರುತ್ತವೆಯಾದ್ದರಿಂದ ಅವನ್ನು ಬಿಚ್ಚುವ ಗೋಜಿಗೆ ಹೋಗಬಾರದು. ಈ ಬರಹವೆಲ್ಲ ಮಾಡ್ಯುಲರ್ ಪ್ಲೇಟುಗಳನ್ನು ಕುರಿತದ್ದು; ಅವುಗಳಲ್ಲಿ ಸ್ವಿಚ್ಚುಗಳು ಒಳಗಿನ ಚೌಕಟ್ಟಿನಲ್ಲಿ ಭದ್ರವಾಗಿ ಕುಳಿತಿದ್ದು, ಮೇಲಿನ ಮುಖಪ್ಲೇಟು ಮಾತ್ರ ಡಬ್ಬಿಯ ಮುಚ್ಚಳದಂತೆ ಬೇರೆಯಾಗಿ ಬರುತ್ತದೆ.

ಮುಖಪ್ಲೇಟನ್ನು ತೆಗೆಯುವಾಗ ಒಳಗಿನ ತಂತಿ ಸಾಮಾನ್ಯವಾಗಿ ಕೈಗೆ ತಾಕುವುದಿಲ್ಲ. ಆದರೂ ಮೇನ್ ಆಫ್ ಮಾಡದೆ ತೆಗೆಯಬಾರದು. ಇಲ್ಲಿ ಬಹಳ ಜನ ಎಡವುವುದು ಯುಪಿಎಸ್ ವಿಷಯದಲ್ಲಿ. ಮೇನ್ ಆಫ್ ಮಾಡಿದ ಕೂಡಲೇ ಕರೆಂಟು ಹೋಯಿತೆಂದು ತಿಳಿದು ಯುಪಿಎಸ್ ತಾನೇ ಚಾಲೂ ಆಗುತ್ತದೆ, ಹಜಾರದ ದೀಪ ಮತ್ತು ಫ್ಯಾನಿನ ಸ್ವಿಚ್ಚುಗಳಿಗೆ ಬ್ಯಾಟರಿಯಿಂದ ಅದೇ 230 ವೋಲ್ಟು ಹರಿಯುತ್ತಲೇ ಇರುತ್ತದೆ. ಹೀಗಾಗಿ ಮೇನ್ ಮತ್ತು ಯುಪಿಎಸ್ ಎರಡನ್ನೂ ಆಫ್ ಮಾಡಿ, ಆ ಬೋರ್ಡಿನ ಒಂದೊಂದು ಸ್ವಿಚ್ಚನ್ನೂ ಒತ್ತಿ ಯಾವುದೂ ಹೊತ್ತಿಕೊಳ್ಳುವುದಿಲ್ಲವೆಂದು ನೋಡಿಕೊಳ್ಳಬೇಕು. ಟೆಸ್ಟರಿನಲ್ಲಿ ಪರೀಕ್ಷಿಸುವುದಾದರೆ, ಮೇನ್ ಆಫ್ ಮಾಡುವುದಕ್ಕೂ ಮುಂಚೆ ಒಮ್ಮೆ ಅದನ್ನು ಸಾಕೆಟ್ಟಿಗೆ ಹಾಕಿ ಟೆಸ್ಟರಿನ ದೀಪ ಹೊತ್ತುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ಲೇಸು, ಏಕೆಂದರೆ ಕೆಟ್ಟ ಟೆಸ್ಟರು ಎಲ್ಲ ಕಡೆಯೂ ಕರೆಂಟಿಲ್ಲವೆಂದೇ ಹೇಳುತ್ತದೆ. ಆಮೇಲೆ ಪ್ಲೇಟಿನ ಅಂಚಿನಲ್ಲಿರುವ ಸಣ್ಣ ಕಚ್ಚಿಗೆ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಇಟ್ಟು ಮೆಲ್ಲಗೆ ಮೀಟಿದರೆ ಪ್ಲೇಟು ಸಡಿಲವಾಗುತ್ತದೆ. ಗೋಡೆಗೆ ಬಣ್ಣ ಬಳಿದವರು ಪ್ಲೇಟನ್ನೂ ಸೇರಿಸಿ ಬಳಿದಿದ್ದರೆ ಮೀಟುವ ಮೊದಲು ಸುತ್ತಲೂ ಕಟರಿನಿಂದ ಒಂದು ಗೀರು ಎಳೆಯಬೇಕು. ಇಲ್ಲವಾದರೆ ಪ್ಲೇಟಿನ ಜೊತೆ ಗೋಡೆಯ ಪುಟ್ಟಿಯೂ ಹಪ್ಪಳದಂತೆ ಎದ್ದುಬರುತ್ತದೆ.

ಇದಕ್ಕಿಂತ ಜಾಣತನದ ದಾರಿಯೆಂದರೆ ಅದೇ ಕಂಪನಿಯ, ಅದೇ ಸರಣಿಯ ಮುಖಪ್ಲೇಟನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಕೊಂಡು ಅದರ ಮೇಲೆ ಕೆಲಸ ಮಾಡುವುದು. ಅಂಟು ಮತ್ತು ವಾರ್ನಿಷು ಒಣಗುವ ಎರಡು ಮೂರು ದಿನ ಗೋಡೆಯ ಸ್ವಿಚ್ಚುಗಳು ಬೋಳಾಗಿ ನಿಲ್ಲುವುದು ತಪ್ಪುತ್ತದೆ. ಬಾಡಿಗೆ ಮನೆಯಲ್ಲಿರುವವರಂತೂ ಮಾಲೀಕರ ಪ್ಲೇಟನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಕೊಂಡಿದ್ದು, ಮನೆ ಬಿಡುವಾಗ ಮತ್ತೆ ಹಾಕಿಬಿಡಬಹುದು.

ಕಾಗದದ ಮಾತಿಗೆ ಬಂದರೆ, ಹತ್ತಿ ಬಟ್ಟೆಯ ಚಿಂದಿಯಿಂದ ತಯಾರಾದ ಕೈಕಾಗದ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಜೈಪುರದ ಬಳಿಯ ಸಾಂಗಾನೇರ್ ಮತ್ತು ಪುದುಚೇರಿಯ ಅರವಿಂದಾಶ್ರಮ ಈ ಬಗೆಯ ಕಾಗದಕ್ಕೆ ಹೆಸರಾದ ಜಾಗಗಳು. ನಮ್ಮ ಊರುಗಳಲ್ಲಿ ಖಾದಿ ಭಂಡಾರ ಅಥವಾ ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ವಿಚಾರಿಸಬಹುದು. ಮದುವೆಯ ಕರೆಯೋಲೆಗೆ ಬಳಸುವಂಥ ದಪ್ಪ ಕಾಗದ ಪ್ಲೇಟಿನ ಬಾಗಿದ ಅಂಚಿಗೆ ಕೂರುವುದಿಲ್ಲ. ಚದರ ಮೀಟರಿಗೆ 80ರಿಂದ 100 ಗ್ರಾಂ ತೂಗುವ ಕಾಗದ, ಅಂದರೆ 80ರಿಂದ 100 ಜಿಎಸ್‌ಎಂ ಸಾಕು. ಹೊಳೆಯುವ ಚಿನ್ನದ ರೇಕು ಅಂಟಿಸಿದ, ಜರಿ ಎಳೆ ಸೇರಿಸಿದ ಕಾಗದಗಳು ಎಷ್ಟೇ ಸೊಗಸಾಗಿ ಕಂಡರೂ ಅವನ್ನು ಸ್ವಿಚ್ಚಿನ ಬಳಿ ತರಬಾರದು, ಏಕೆಂದರೆ ಲೋಹದಲ್ಲಿ ಕರೆಂಟು ಹರಿಯುತ್ತದೆ. ಅದೇ ಕಾರಣಕ್ಕೆ ಲೋಹದ ಪುಡಿ ಬೆರೆಸಿದ ಬಂಗಾರದ ಬಣ್ಣವೂ ಬೇಡ. ಕೆಲವು ಕೈಕಾಗದಗಳು ಒತ್ತುಕಾಗದದಂತೆ ಬಣ್ಣವನ್ನು ಹೀರಿ ಅಚ್ಚಿನ ಗೆರೆಗಳನ್ನೆಲ್ಲ ಹರಡಿಬಿಡುತ್ತವೆ. ಒಂದು ಮೂಲೆಯಲ್ಲಿ ಅಚ್ಚೊತ್ತಿ ನೋಡಿ, ಹಾಗಾದರೆ ಹತ್ತಿಸೀರೆಗೆ ಗಂಜಿ ಹಾಕುವಂತೆ ಈ ಕಾಗದಕ್ಕೂ ಒಂದು ತೆಳು ಪದರ ಕೊಡಬೇಕು. ಆದರೆ ಗಂಜಿಯ ಬದಲು ಒಂದು ಪಾಲು ಫೆವಿಕಾಲಿಗೆ ಎಂಟು ಪಾಲು ನೀರು ಬೆರೆಸಿ ಅಗಲವಾದ ಬ್ರಷ್ಷಿನಿಂದ ಸವರಿ ಒಣಗಿಸಬೇಕು.

ಇನ್ನು ಅಚ್ಚುಗಳು. ಮೊದಲ ಸಲ ಮಾಡುವವರಿಗೆ ಬೆಂಡೆಕಾಯಿಗಿಂತ ಒಳ್ಳೆಯ ಅಚ್ಚು ಇಲ್ಲವೆಂಬುದು ನನ್ನ ಅಭಿಪ್ರಾಯ. ಪಲ್ಯಕ್ಕೆ ಬಾರದೆಂದು ಬದಿಗಿಟ್ಟ ಬಲಿತ ಕಾಯಿಯೇ ಇಲ್ಲಿ ಉತ್ತಮ, ಏಕೆಂದರೆ ಅದರ ಏಣುಗಳು ಗಟ್ಟಿಯಾಗಿದ್ದು ಒತ್ತಡಕ್ಕೆ ನಲುಗುವುದಿಲ್ಲ. ತೊಟ್ಟಿನ ಕಡೆ ಅಡ್ಡಲಾಗಿ ಕತ್ತರಿಸಿದರೆ ದೊಡ್ಡ ಹೂವು, ತುದಿಯ ಕಡೆ ಸರಿದಂತೆ ಚಿಕ್ಕ ಹೂವು ಸಿಗುವುದರಿಂದ ಒಂದೇ ಕಾಯಿಯಲ್ಲಿ ನಮಗೆ ಬೇಕಾದ ಅಳತೆಯನ್ನು ಹುಡುಕಿಕೊಳ್ಳಬಹುದು. ಎರಡು ಸೆಂಟಿಮೀಟರಿನ ಪಟ್ಟಿಗೆ 1.3 ಸೆಂ.ಮೀ. ಅಗಲದ ಹೂವು ಸರಿಯಾಗಿ ಒಪ್ಪುತ್ತದೆ. ಚಾಕುವನ್ನು ಗರಗಸದಂತೆ ಎಳೆದಾಡದೆ ಒಂದೇ ಏಟಿಗೆ ಕತ್ತರಿಸಬೇಕು, ಒಳಗಿನ ಬೀಜಗಳನ್ನು ಕಡ್ಡಿಯಿಂದ ತೆಗೆಯಬೇಕು, ಆಮೇಲೆ ಕತ್ತರಿಸಿದ ಮುಖವನ್ನು ಹಳೆಯ ಬಟ್ಟೆಯ ಮೇಲೆ ಹತ್ತು ನಿಮಿಷ ಬೋರಲು ಹಾಕಿಡಬೇಕು. ಈ ಹತ್ತು ನಿಮಿಷದ ತಾಳ್ಮೆ ಇಲ್ಲದಿದ್ದರೆ ಕಾಯಿಯ ಲೋಳೆ ಬಣ್ಣದೊಂದಿಗೆ ಬೆರೆತು ಹೂವಿನ ಎಸಳುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಬರೀ ಮುದ್ದೆಯಾಗುತ್ತದೆ. ಬಾಳೆಎಲೆಯ ದಂಟನ್ನು ಅಡ್ಡಲಾಗಿ ಕತ್ತರಿಸಿದರೆ ಜೇನುಗೂಡಿನಂಥ ಕಣ್ಣುಕಣ್ಣಾದ ಅರ್ಧಚಂದ್ರ ಮೂಡುತ್ತದೆ. ನೋಡಲು ಬಹಳ ಚಂದ, ಆದರೆ ಈ ಪ್ಲೇಟಿಗೆ ದೊಡ್ಡದು.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳು ಮನೆಯಲ್ಲಿದ್ದರೆ ಅವನ್ನೇ ಬಳಸಬಹುದಲ್ಲವೇ ಎಂದು ಯಾರಿಗಾದರೂ ತೋಚಬಹುದು. ಅವುಗಳಲ್ಲಿ ಆಕೃತಿಯು ಪಾಕ ತುಂಬಲೆಂದು ಗುಳಿಯಾಗಿ ಕೊರೆದಿರುವುದರಿಂದ ಬಣ್ಣ ಹತ್ತುವುದು ಸುತ್ತಲಿನ ಮರಕ್ಕೇ ಹೊರತು ಆಕೃತಿಗಲ್ಲ. ಒತ್ತಿದರೆ ಕಪ್ಪು ಚೌಕದ ನಡುವೆ ಬಿಳಿಯ ಖಾಲಿ ಜಾಗ ಕಾಣಿಸುತ್ತದೆ. ಅದೂ ಅಲ್ಲದೆ ತಿನ್ನುವ ಪದಾರ್ಥದ ಅಚ್ಚಿಗೆ ಬಣ್ಣ ತಾಗಿಸಿದರೆ ಮನೆಯ ಹಿರಿಯರು ಸುಮ್ಮನೆ ಬಿಡುವುದಿಲ್ಲ, ಬಿಡಲೂ ಬಾರದು.

ಸ್ವಲ್ಪ ಕೈ ಕುದುರಿದ ಮೇಲೆ ಮಕ್ಕಳ ಕಂಪಾಸಿನ ರಬ್ಬರಿನಲ್ಲಿ ಅಚ್ಚು ಕೊರೆಯಬಹುದು. ಇದಕ್ಕೆ ಧಾರವಾಡದ ಕಡೆಯ ಕಸೂತಿಯಷ್ಟು ಅನುಕೂಲವಾದ ವಿನ್ಯಾಸ ಬೇರೆ ಕಾಣೆ. ಕಸೂತಿಯು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅದರ ಗೋಪುರ, ತುಳಸಿಕಟ್ಟೆ, ತೇರು ಎಲ್ಲವೂ ನೇರ ಗೆರೆ ಮತ್ತು ಮೆಟ್ಟಿಲುಗಳಲ್ಲೇ ಮೂಡುತ್ತವೆ, ಬ್ಲೇಡಿಗೂ ಬೇಕಾದದ್ದು ಅದೇ. ಗ್ರಾಫ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಚಿಕ್ಕ ಗೋಪುರವನ್ನು ಬರೆದು, ಅದರ ಮೇಲೆ ರಬ್ಬರನ್ನು ಬೋರಲಾಗಿ ಇಟ್ಟು ಉಗುರಿನಿಂದ ಉಜ್ಜಿದರೆ ಚಿತ್ರವು ರಬ್ಬರಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಇಳಿಯುತ್ತದೆ. ಅಚ್ಚೊತ್ತುವಾಗ ಮತ್ತೊಮ್ಮೆ ತಿರುಗಿ ಸರಿಯಾಗುತ್ತದೆ. ಗೆರೆಗಳ ಸುತ್ತಲಿನ ರಬ್ಬರನ್ನು ಎರಡು ಮಿಲಿಮೀಟರ್ ಆಳದವರೆಗೆ ತೆಗೆಯಬೇಕು. ಬ್ಲೇಡನ್ನು ನೆಟ್ಟಗೆ ಹಿಡಿಯದೆ, ಗೆರೆಯ ಬುಡ ಅಗಲವಾಗುವಂತೆ ಹೊರಕ್ಕೆ ಓರೆಯಾಗಿ ಹಿಡಿದು ಕೊರೆದರೆ ಗೆರೆಗಳು ಮುರಿಯುವುದಿಲ್ಲ. ದಾರದಷ್ಟು ಸಣ್ಣ ಗೆರೆಗಳು ರಬ್ಬರಿನಲ್ಲಿ ನಿಲ್ಲದ ಕಾರಣ ಒಂದು ಮಿಲಿಮೀಟರಿಗಿಂತ ತೆಳುವಾಗಿ ಕೊರೆಯುವ ಸಾಹಸ ಬೇಡ.

ಬಣ್ಣದ ವಿಷಯದಲ್ಲಿ ನಾನು ಮೊದಲ ಪ್ಲೇಟನ್ನು ಪೂರ್ತಿ ಹಾಳುಮಾಡಿದೆ. ಮೇಜಿನ ಮೇಲೆ ರಬ್ಬರ್ ಸ್ಟ್ಯಾಂಪಿಗೆ ಬಳಸುವ ನೇರಳೆ ಶಾಯಿಯ ಪ್ಯಾಡ್ ಇತ್ತು, ಕೈಗೆ ಸಿಕ್ಕಿದ್ದನ್ನೇ ಬಳಸಿದೆ. ಕಾಗದದ ಮೇಲೆ ಅಚ್ಚುಗಳು ಚೊಕ್ಕವಾಗಿ ಮೂಡಿದವು, ರಾತ್ರಿಯೆಲ್ಲ ಒಣಗಿದವು, ಬೆಳಿಗ್ಗೆ ಅಂಟು ತಾಗಿದ ಕೂಡಲೇ ಒಂದೊಂದು ಹೂವಿನ ಸುತ್ತಲೂ ನೇರಳೆಹಣ್ಣು ತಿಂದ ನಾಲಿಗೆಯಂಥ ಬಣ್ಣ ಹರಡಿಕೊಂಡಿತು. ನೀರಿನಲ್ಲಿ ಕರಗುವ ಯಾವ ಬಣ್ಣವೂ, ಪೋಸ್ಟರ್ ಕಲರ್ ಸಹ, ಹೀಗೆಯೇ ಮಾಡುತ್ತದೆ. ಒಣಗಿದ ಮೇಲೆ ನೀರಿಗೆ ಜಗ್ಗದ ಅಕ್ರಿಲಿಕ್ ಬಣ್ಣವೇ ಸರಿ; ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಕಲರ್ ಕೂಡ ನಡೆಯುತ್ತದೆ. ಯಾವುದನ್ನೇ ಬಳಸಿದರೂ ಚೂರು ಕಾಗದದ ಮೇಲೆ ಒತ್ತಿ, ಮರುದಿನ ಒದ್ದೆ ಬೆರಳಿನಿಂದ ಉಜ್ಜಿ ನೋಡಿದ ನಂತರವೇ ಮುಂದುವರಿಯಬೇಕು. ಅಚ್ಚನ್ನು ಬಣ್ಣದ ತಟ್ಟೆಯಲ್ಲಿ ಅದ್ದುವುದಕ್ಕಿಂತ ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡಿಗೆ ಬಣ್ಣ ಸವರಿ ಅದರ ಮೇಲೆ ಅಚ್ಚನ್ನು ತಟ್ಟುವುದು ಮೇಲು. ಒತ್ತುವ ಕಾಗದದ ಅಡಿಯಲ್ಲಿ ನಾಲ್ಕು ಮಡಿಕೆ ದಿನಪತ್ರಿಕೆ ಇಟ್ಟರೆ ಅಚ್ಚಿನ ಎಲ್ಲ ಮೂಲೆಗಳೂ ಸಮನಾಗಿ ಕೂರುತ್ತವೆ.

ಕಾಗದವನ್ನು ಪ್ಲೇಟಿಗೆ ಅಂಟಿಸಿದ ಮೇಲೆ ಅಚ್ಚೊತ್ತಲು ಹೋಗಬಾರದು. ಮಟ್ಟಸವಾದ ಮೇಜಿನ ಮೇಲೆ ಮೊದಲೇ ಒತ್ತಿಕೊಳ್ಳಬೇಕು. ಅದಕ್ಕಾಗಿ ಕಾಗದದ ಹಿಂಬದಿಯ ಮೇಲೆ ಪ್ಲೇಟನ್ನು ಬೋರಲಾಗಿ ಇಟ್ಟು, ಹೊರ ಅಂಚನ್ನೂ ಒಳಗಿನ ಕಿಂಡಿಯನ್ನೂ ಪೆನ್ಸಿಲಿನಿಂದ ಗುರುತಿಸಿ, ಕಾಗದವನ್ನು ಹಗಲಿನಲ್ಲಿ ಕಿಟಕಿಯ ಗಾಜಿಗೆ ಹಿಡಿದರೆ ಗುರುತುಗಳು ಮುಂಬದಿಗೂ ಕಾಣಿಸುತ್ತವೆ. ಅಲ್ಲೇ ತೆಳುವಾದ ಚುಕ್ಕೆಗಳನ್ನು ಇಟ್ಟುಕೊಂಡರೆ ಸಾಕು. ಮಾರುಕಟ್ಟೆಯ ಎಷ್ಟೋ ಪ್ಲೇಟುಗಳ ಹೊರ ಅಂಚು ದುಂಡಗೆ ಬಾಗಿರುವುದರಿಂದ ಕಾಗದವನ್ನು ಹಿಂದಕ್ಕೆ ಮಡಚಿ ಅಂಟಿಸುವ ಕ್ರಮವನ್ನು ನಾನು ಕೈಬಿಟ್ಟಿದ್ದೇನೆ. ಮಡಚಿದ ಕಾಗದ ಹಿಂಬದಿಯ ಕ್ಲಿಪ್ಪುಗಳಿಗೆ ಅಡ್ಡ ಬಂದು ಪ್ಲೇಟು ಗೋಡೆಗೆ ಕೂರುವುದೇ ಇಲ್ಲ. ಬದಲಿಗೆ ಸುತ್ತಲೂ ಎರಡು ಮಿಲಿಮೀಟರ್ ಬಿಟ್ಟು ಕಾಗದವನ್ನು ಒಳಗೇ ನಿಲ್ಲಿಸಿದರೆ ಪ್ಲೇಟಿನ ಬಿಳಿಯ ಅಂಚು ಪಟಕ್ಕೆ ಕಟ್ಟು ಹಾಕಿದಂತೆ ಕಾಣುತ್ತದೆ.

ಒತ್ತುವ ಮುಂಚೆ ಲೆಕ್ಕ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ ಕಾಗದದ ಉದ್ದ 21.6 ಸೆಂ.ಮೀ., ಹೂವಿನ ಅಗಲ 1.3 ಸೆಂ.ಮೀ. ಹದಿನಾರು ಹೂವುಗಳು 20.8 ಸೆಂ.ಮೀ. ಜಾಗ ಹಿಡಿಯುತ್ತವೆ, ಉಳಿಯುವ ಎಂಟು ಮಿಲಿಮೀಟರನ್ನು ಹದಿನೈದು ಸಂದುಗಳಿಗೆ ಹಂಚಿದರೆ ಒಂದೊಂದಕ್ಕೆ ಅರ್ಧ ಮಿಲಿಮೀಟರಿನಷ್ಟು ಬರುತ್ತದೆ, ಅಂದರೆ ಹೂವುಗಳು ಒಂದಕ್ಕೊಂದು ತಾಕಿಯೂ ತಾಕದಂತೆ ನಿಲ್ಲುತ್ತವೆ. ಹಾಗೆ ಒತ್ತೊತ್ತಾಗಿ ಬೇಡವೆನಿಸಿದರೆ ಹದಿಮೂರು ಹೂವು ಹಾಕಿ ಸಂದನ್ನು ನಾಲ್ಕು ಮಿಲಿಮೀಟರಿಗೆ ಹಿಗ್ಗಿಸಬಹುದು. ಎಡತುದಿಯಿಂದ ಶುರುಮಾಡಿ ಬಲಕ್ಕೆ ಸಾಗಿದರೆ ಕೊನೆಯಲ್ಲಿ ಅರ್ಧ ಹೂವು ಉಳಿಯುವುದು ಖಂಡಿತ. ಮೊದಲು ನಾಲ್ಕು ಮೂಲೆ, ಆಮೇಲೆ ನಟ್ಟನಡುವೆ ಒಂದು (ಹದಿನಾರು ಹೂವಾದರೆ ಎರಡು), ಆಮೇಲೆ ಅವುಗಳ ಮಧ್ಯೆ ಒಂದೊಂದು, ಹೀಗೆ ಚುಕ್ಕಿ ರಂಗೋಲಿ ಇಟ್ಟಂತೆ ತುಂಬಿಕೊಂಡು ಬಂದರೆ ಕೈ ಚೂರು ತಪ್ಪಿದರೂ ಕಣ್ಣಿಗೆ ಕಾಣುವುದಿಲ್ಲ. ಮೂಲೆಗೆ ಬೇರೆಯದೇ ಅಚ್ಚು ಇಟ್ಟರೆ ಇನ್ನೂ ಒಳ್ಳೆಯದು: ಉದ್ದಕ್ಕೆ ಬೆಂಡೆಹೂವು, ಮೂಲೆಗೆ ಕಸೂತಿಯ ಗೋಪುರ. ಕಿಂಡಿಯ ಜಾಗದಲ್ಲಿ ಅಚ್ಚೊತ್ತಿದ್ದೆಲ್ಲ ವ್ಯರ್ಥ, ಆದರೆ ಕೈ ಸಾಧಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ.

ಈಗ ಪ್ಲೇಟನ್ನು ಸಿದ್ಧಪಡಿಸೋಣ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, 220ರ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಮೆಲ್ಲಗೆ ಉಜ್ಜಬೇಕು. ನುಣುಪಾದ ಪ್ಲಾಸ್ಟಿಕ್ಕಿಗೆ ಅಂಟು ಕಚ್ಚಿಕೊಳ್ಳುವುದಿಲ್ಲ, ಕೆಲವೇ ದಿನಗಳಲ್ಲಿ ಕಾಗದ ಸಿಪ್ಪೆಯಂತೆ ಸುಲಿದು ಬರುತ್ತದೆ. ಪೇಂಟಿನ ಕಲೆ ಹೋಗಲೆಂದು ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ದ್ರಾವಣವನ್ನು ಹಾಕಬಾರದು, ಪಾಲಿಕಾರ್ಬೊನೇಟ್ ಪ್ಲೇಟು ಅದಕ್ಕೆ ಬಿರುಕು ಬಿಡುತ್ತದೆ. ಅಂಟಿಗೆ ಫೆವಿಕಾಲಿನಂಥ ಬಿಳಿಯ ಅಂಟೇ ಸಾಕು. ಮೈದಾ ಬೇಯಿಸಿ ಮಾಡಿದ ಸರಿಯಿಂದ ಪುಸ್ತಕಕ್ಕೆ ಬೈಂಡು ಹಾಕಿದ ನೆನಪು ನಮ್ಮಲ್ಲಿ ಅನೇಕರಿಗಿದೆ, ಆದರೆ ಅದು ಜಿರಲೆ ಮತ್ತು ಇರುವೆಗಳಿಗೆ ಔತಣ. ಸ್ವಿಚ್ ಬೋರ್ಡಿನೊಳಗೆ ಅವು ಮನೆ ಮಾಡುವುದು ಯಾರಿಗೂ ಬೇಕಿಲ್ಲ, ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದಂತೂ ಬೇರೆ.

ಅಂಟನ್ನು ಕಾಗದಕ್ಕೆ ಹಚ್ಚಿದರೆ ಹತ್ತಿಯ ಕೈಕಾಗದ ನೀರು ಕುಡಿದು ಹಿಗ್ಗಿ, ನಾವು ಅಷ್ಟು ಲೆಕ್ಕ ಹಾಕಿ ಕೂರಿಸಿದ ಅಂಚು ಸರಿದುಹೋಗುತ್ತದೆ. ಆದ್ದರಿಂದ ಪ್ಲೇಟಿಗೆ ತೆಳ್ಳಗೆ ಅಂಟು ಸವರಿ, ಅದು ಬೆರಳಿಗೆ ಜಿಗುಟಾಗಿ ತಾಗುವವರೆಗೆ ಒಂದು ನಿಮಿಷ ಕಾದು, ಕಾಗದದ ನಡುಭಾಗವನ್ನು ಮೊದಲು ತಾಗಿಸಿ ಆಮೇಲೆ ಎರಡೂ ತುದಿಗಳ ಕಡೆಗೆ ಒಣಬಟ್ಟೆಯಿಂದ ಸವರುತ್ತ ಹೋಗಬೇಕು. ಬಾಗಿದ ಕಡೆ ಚಮಚದ ಬೆನ್ನಿನಿಂದ ಒತ್ತಬೇಕು. ಮೇಲೊಂದು ಬಟರ್ ಪೇಪರ್ ಹಾಸಿ, ದಪ್ಪನೆಯ ನಾಲ್ಕು ಪುಸ್ತಕ ಹೇರಿ ರಾತ್ರಿ ಪೂರ್ತಿ ಬಿಟ್ಟುಬಿಡಬೇಕು.

ಕಿಂಡಿಯನ್ನು ಕತ್ತರಿಸುವುದು ಅಂಟು ಪೂರ್ತಿ ಒಣಗಿದ ಮೇಲೆ. ಹಸಿ ಕಾಗದಕ್ಕೆ ಬ್ಲೇಡು ತಾಗಿದರೆ ಅದು ಕತ್ತರಿಸದೆ ಹರಿಯುತ್ತದೆ. ಪ್ಲೇಟನ್ನು ಬೋರಲಾಗಿಟ್ಟು, ಹಿಂಬದಿಯಿಂದ ಕಿಂಡಿಯ ಒಳ ಅಂಚಿಗೇ ತಗುಲಿಸಿಕೊಂಡು ಕಟರಿನ ಹೊಸ ಬ್ಲೇಡನ್ನು ಎಳೆಯಬೇಕು. ಮೂಲೆಯಿಂದ ನಡುವಿನ ಕಡೆಗೆ ಎಳೆಯಬೇಕೇ ಹೊರತು ಮೂಲೆಯ ಕಡೆಗೆ ಎಳೆದರೆ ಬ್ಲೇಡು ಜಾರಿ ಅಂಚಿನ ಹೂವನ್ನು ಸೀಳಿಬಿಡುತ್ತದೆ. ಉಡುಗೊರೆಯ ಡಬ್ಬಿಗೆ ಮಾಡುವಂತೆ ಇಲ್ಲಿ ಕಾಗದವನ್ನು ಕಿಂಡಿಯೊಳಕ್ಕೆ ಮಡಚಬಾರದು. ಸ್ವಿಚ್ಚಿಗೂ ಪ್ಲೇಟಿಗೂ ನಡುವೆ ಇರುವ ಸಂದು ಕಾಗದದ ಒಂದು ಮಡಿಕೆಯನ್ನೂ ತಾಳದಷ್ಟು ಕಿರಿದು. ಮಡಚಿದರೆ ಸ್ವಿಚ್ಚು ಅಲ್ಲಿ ಸಿಕ್ಕಿಕೊಂಡು ಅರ್ಧಕ್ಕೇ ನಿಲ್ಲುತ್ತದೆ, ಅರ್ಧಕ್ಕೆ ನಿಂತ ಸ್ವಿಚ್ಚಿನ ಒಳಗೆ ಕಿಡಿ ಹಾರುತ್ತದೆ.

ಸ್ವಿಚ್ ಪ್ಲೇಟಿನ ಮೇಲೆ ದಿನಕ್ಕೆ ಎಷ್ಟು ಕೈಗಳು ಓಡಾಡುತ್ತವೆಂಬುದು ಅದರ ಕೆಳತುದಿಯ ಕೊಳೆಯಿಂದಲೇ ಗೊತ್ತಾಗುತ್ತದೆ, ಆದ್ದರಿಂದ ವಾರ್ನಿಷ್ ಕಡ್ಡಾಯ. ಮರಕ್ಕೆ ಹಚ್ಚುವ ಎಣ್ಣೆಯ ವಾರ್ನಿಷು ಕಾಗದವನ್ನು ಬಜ್ಜಿ ಕಟ್ಟಿದ ಪೊಟ್ಟಣದಂತೆ ಮಾಡಿ, ಬರಬರುತ್ತ ಹಳದಿಯಾಗಿಸುತ್ತದೆ. ವಾಟರ್ ಬೇಸ್ಡ್ ಮ್ಯಾಟ್ ವಾರ್ನಿಷನ್ನು ಕೇಳಿ ತಂದು, ತೆಳ್ಳಗೆ ಮೂರು ಸಲ, ಪ್ರತಿ ಸಲವೂ ನಡುವೆ ನಾಲ್ಕರಿಂದ ಆರು ಗಂಟೆ ಬಿಟ್ಟು ಹಚ್ಚಬೇಕು. ಕತ್ತರಿಸಿದ ಅಂಚುಗಳಿಗೂ ಬ್ರಷ್ಷಿನ ತುದಿಯಿಂದ ತಾಗಿಸಬೇಕು, ಏಕೆಂದರೆ ತೇವ ಒಳನುಗ್ಗುವುದು ಅಲ್ಲಿಂದಲೇ. ವಾರ್ನಿಷ್ ಹಚ್ಚಿದ ಮಾತ್ರಕ್ಕೆ ಕಾಗದಕ್ಕೆ ಬೆಂಕಿ ತಾಗುವುದಿಲ್ಲವೆಂದು ಭಾವಿಸಬಾರದು; ಅದು ಕೊಳೆ ಮತ್ತು ನೀರಿಗೆ ಮಾತ್ರ ತಡೆ.

ಕೊನೆಯ ಪದರ ಒಣಗಿ ಒಂದು ದಿನ ಕಳೆದ ಮೇಲೆ, ಮೇನ್ ಮತ್ತು ಯುಪಿಎಸ್ ಎರಡನ್ನೂ ಮತ್ತೆ ಆಫ್ ಮಾಡಿ, ಪ್ಲೇಟನ್ನು ಚೌಕಟ್ಟಿಗೆ ಸರಿಯಾಗಿ ಹಿಡಿದು ನಾಲ್ಕೂ ಮೂಲೆಗಳಲ್ಲಿ ಟಕ್ ಎಂಬ ಸದ್ದು ಬರುವವರೆಗೆ ಒತ್ತಬೇಕು. ಕರೆಂಟು ಹಾಕುವ ಮುನ್ನವೇ ಪ್ರತಿಯೊಂದು ಸ್ವಿಚ್ಚನ್ನೂ ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ, ಎಲ್ಲಾದರೂ ಬಿಗಿಯೆನಿಸಿದರೆ ಪ್ಲೇಟನ್ನು ತೆಗೆದು ಆ ಜಾಗದ ಕಾಗದವನ್ನು ಉಪ್ಪುಕಾಗದದಿಂದ ಒಂದೆರಡು ಎಳೆ ಉಜ್ಜಿದರೆ ಸರಿಹೋಗುತ್ತದೆ. ಮೊದಲ ವಾರ ದಿನಕ್ಕೊಮ್ಮೆ, ದೀಪ ಫ್ಯಾನುಗಳು ಉರಿದು ತಿರುಗಿ ಒಂದು ಗಂಟೆಯಾದ ಮೇಲೆ, ಅಂಗೈಯನ್ನು ಪ್ಲೇಟಿನ ಮೇಲೆ ಇಟ್ಟು ನೋಡಬೇಕು. ಬೆಚ್ಚಗಾಗಿದ್ದರೆ ಅಲಂಕಾರವನ್ನು ತೆಗೆದು ಒಳಗಿನ ತಂತಿಯನ್ನು ಪರೀಕ್ಷಿಸಬೇಕು. ಒರೆಸುವಾಗ ಹಿಂಡಿದ ಬಟ್ಟೆಯೇ ಸಾಕು, ಸೋಪಿನ ನೀರನ್ನು ಸಿಂಪಡಿಸಬಾರದು. ಆಯುಧಪೂಜೆಯ ದಿನ ಕುಂಕುಮದ ಬೊಟ್ಟನ್ನು ಕಾಗದ ಬಿಟ್ಟು ಸ್ವಿಚ್ಚಿನ ಪಕ್ಕದ ಪ್ಲಾಸ್ಟಿಕ್ಕಿಗೆ ಇಡಿ ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಕ್ಷೇಮ.

ಬೇಸರವಾದಾಗ ವಿನ್ಯಾಸವನ್ನು ಬದಲಾಯಿಸುವುದೂ ಕಷ್ಟವಲ್ಲ. ಗೋಡೆಯಿಂದ ತೆಗೆದ ಪ್ಲೇಟಿನ ವಾರ್ನಿಷನ್ನು ಉಪ್ಪುಕಾಗದದಿಂದ ಗೀರಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಟ್ಟರೆ ಬಿಳಿಯ ಅಂಟು ಮೆತ್ತಗಾಗಿ ಕಾಗದ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಪ್ಲೇಟನ್ನು ಒರೆಸಿ, ಕ್ಲಿಪ್ಪುಗಳ ಸಂದಿನಲ್ಲಿ ಹನಿ ನೀರೂ ಉಳಿಯದಂತೆ ಒಂದು ಪೂರ್ತಿ ದಿನ ನೆರಳಿನಲ್ಲಿ ಒಣಗಿಸಿದ ಮೇಲೆ ಹೊಸ ಕಾಗದಕ್ಕೆ ಅದು ಸಿದ್ಧವಾಗಿರುತ್ತದೆ.